ಎರಡನೆಯ ಫಿಂಜಾನು

ಮುಹರಕ್ಕಿನ ಮಜ್ಲಿಸಿನಲ್ಲಿ
ಕಾಫಿ ಸಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.
ಹಿಡಿಯಿಲ್ಲದ ಆ ಪುಟ್ಟ ಬಟ್ಟಲನ್ನು
ಎರಡು ಬೆರಳಲ್ಲಿ ಅತ್ತಿತ್ತ ಅಲುಗಿಸಬೇಕು, ಅಷ್ಟೆ.
ದಲ್ಲಾ ಹಿಡಿದ ಜುಮಾ
ಪಕ್ಕದವನ ಕಡೆ ಸರಿಯುತ್ತಾನೆ.

ನನ್ನದು ತಾನಾಗಿಯೇ ಅಲುಗುತ್ತದೆ.
ಹನ್ನೊಂದು ವರ್ಷದಿಂದ ನನಗೆ ಒಂದೇ ಬಟ್ಟಲು.
ಏಲಕ್ಕಿ, ಕೇಸರಿ ನಾಲಿಗೆಗೆ ಹತ್ತುವಷ್ಟರಲ್ಲಿ
ಕೈ ನನ್ನ ಪರವಾಗಿ ಹೇಳಿ ಮುಗಿಸಿರುತ್ತದೆ:
ಸಾಕು.

ಸಾಹುಕಾರರಿಗೆ ಮೆಚ್ಚಿಗೆ.
ಈ ಕರ್ಕೇರನಿಗೆ ಆಸೆ ಕಮ್ಮಿ, ಅನ್ನುತ್ತಾರೆ.

ಬೆರಳಿಗೆ ಮೊದಲೋ ಎದೆಗೆ ಮೊದಲೋ ಗೊತ್ತಿಲ್ಲ.
ಲಿಫ್ಟಿನ ಬಾಗಿಲು ಕೂಡಿಕೊಳ್ಳುವಾಗ
ಒಳಗಿನದು ನಡುಗಿ ಕೈಗೆ ಹೇಳುತ್ತದೆ.
ಬ್ಯಾಂಕಿನ ಕೌಂಟರಿನಲ್ಲಿ ಸಹಿ ಹಾಕುವ ಕೈ ನಡುಗಿ
ಒಳಗಿನದಕ್ಕೆ ಸುದ್ದಿ ಮುಟ್ಟಿಸುತ್ತದೆ.
ಒಂದೇ ಕೋಣೆಯ ಬ್ಯಾಚುಲರುಗಳು ಇಬ್ಬರೂ,
ಒಬ್ಬನ ಅಲಾರಾಂ ಹೊಡೆದರೆ
ಇನ್ನೊಬ್ಬನಿಗೂ ನಿದ್ದೆಯಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಸೇತುವೆ.
ಮಲಗುವುದು ಮುಹರಕ್ಕಿನಲ್ಲಿ, ದುಡಿಯುವುದು ಮನಾಮಾದಲ್ಲಿ,
ನಡುವೆ ಆಳವೇನಿಲ್ಲದ ಹಸಿರು ನೀರು.
ಅಳಿವೆಯ ಬಾಯಲ್ಲಿ ದೋಣಿ ನುಗ್ಗಿಸುತ್ತಿದ್ದವರ ಮಗ
ಬಸ್ಸಿನಲ್ಲಿ ಕಣ್ಣು ಮುಚ್ಚಿ ದೀಪದ ಕಂಬ ಎಣಿಸುತ್ತಾನೆ.
ಬಿಸಿಲಿನ ರೆಪ್ಪೆಯ ಮೇಲೆ ಒಂದೊಂದರ ನೆರಳೂ
ಕಪ್ಪಗೆ ದಾಟುತ್ತದೆ.
ನೀರಿನ ಹೆದರಿಕೆಯಲ್ಲ ಇದು, ನೀರು ನನಗೆ ಗೊತ್ತು.
ನೆಲ ಅಲ್ಲದೆಯೂ ನೆಲದ ಹಾಗೆ
ಕಾಲ ಕೆಳಗೆ ನಟಿಸುತ್ತದಲ್ಲ,
ಅದರದು.

ಬಣ್ಣದ ಡಬ್ಬಿಗಳ ಬಿಲ್ಲಿನ ಮೇಲೆ
ನನ್ನ ಅಂಕಿಗಳು ಇರುವೆ ಹರಿದಂತೆ ಕಂಡಾಗ
ಗೋದಾಮಿನ ಗೆಳೆಯ ಕಿವಿಯಲ್ಲಿ ಕೇಳಿದ:
ನಿನ್ನೆ ಜಾಸ್ತಿಯಾಯಿತಾ ಮಾರಾಯ?

ಸಲ್ಮಾನಿಯಾದ ಡಾಕ್ಟರು ಕಾಗದ ಕೊಟ್ಟರು.
ನಡುವಿನಿಂದ ಹೊರಟು ಸುತ್ತುತ್ತ ಸುತ್ತುತ್ತ ಆಚೆ ಬಾ.
ಬರೆದೆ.
ಮೈತುಂಬ ಮುಳ್ಳೆದ್ದ ಚಕ್ಕುಲಿ.
ಮನೆಯಲ್ಲಿ ಇನ್ಯಾರಿಗಾದರೂ?
ಇಲ್ಲ ಎಂದೆ. ಅಪ್ಪನದು ಕುಡಿತದ ನಡುಕ,
ಮಲ್ಪೆಯ ಇಡೀ ದಕ್ಕೆಗೆ ಗೊತ್ತಿದ್ದ ವಿಷಯ.
ಆಕೆ ಪೆನ್ನು ಕೆಳಗಿಡಲಿಲ್ಲ.
ಕುಡಿದರೆ ಹೆಚ್ಚುತ್ತಿತ್ತೋ, ಕಮ್ಮಿಯಾಗುತ್ತಿತ್ತೋ?

ಬಲೆಯ ಹರಿದ ಕಣ್ಣಿಗೆ ಸೂಜಿ ತೂರಲಾಗದೆ
ಅಪ್ಪ ಎದ್ದು ಹಿತ್ತಲಿಗೆ ಹೋಗುತ್ತಿದ್ದುದು,
ಬಾಯಿ ಒರೆಸಿಕೊಂಡು ಬರುತ್ತಿದ್ದುದು,
ಆಮೇಲೆ ಗಂಟಿಗೆ ಗಂಟು, ಕಣ್ಣಿಗೆ ಕಣ್ಣು,
ಜೇಡನ ಕೈ.
ಅಮ್ಮ ಮುಖ ತಿರುಗಿಸಿ ಅಕ್ಕಿ ಕೇರುತ್ತಿದ್ದಳು.
ನಾನೂ ತಿರುಗಿಸಿದವನೇ.
ವಿಮಾನಕ್ಕೆ ಹೊರಟ ದಿನ ಕಾಲಿಗೆ ಬಿದ್ದಾಗ
ತಲೆಯ ಮೇಲೆ ಆ ಕೈ ಪಟಪಟ ಬಡಿಯಿತೆಂದು
ಬೇಗ ಎದ್ದುಬಿಟ್ಟೆ.

ಕಮ್ಮಿಯಾಗುತ್ತಿತ್ತು, ಎಂದೆ.
ಆಕೆ ಬರೆದುಕೊಂಡರು: ತಂದೆಗೆ ಇತ್ತು.

ಮೊನ್ನೆ ರಾತ್ರಿ ಮತ್ತೆ ಮಜ್ಲಿಸು.
ಹೊಟ್ಟೆಯಲ್ಲಿ ಗುಲಾಬಿ ಮಾತ್ರೆ,
ಕೈ ಕೊಂಚ ತಗ್ಗಿತ್ತು, ಪೂರ್ತಿ ಅಲ್ಲ.
ಬಟ್ಟಲು ಅಲುಗಿತು. ಜುಮಾ ಸರಿದ.
ಜುಮಾ, ಎಂದೆ ಒಡಕು ಅರಬ್ಬಿಯಲ್ಲಿ,
ಬೇಕಾದ್ದಕ್ಕಿಂತ ಗಟ್ಟಿಯಾಗಿ,
ಅದು ಸಾಕು ಅಂತಲ್ಲ. ಕಾಯಿಲೆ.
ನನಗಿನ್ನೂ ಬೇಕು.

ತಿರುಗಿದವು ಅಷ್ಟೂ ಕಣ್ಣು,
ಹನ್ನೊಂದು ವರ್ಷ ನಾನು ಹೆದರಿ ಸಾಕಿದ ಕಣ್ಣು.
ಯಾರೋ ಕೆಮ್ಮಿದರು.
ಜುಮಾ ಹಿಂದೆ ಬಂದ. ಮೊದಲ ಹನಿ ಗುರಿ ತಪ್ಪಿ
ನನ್ನ ಹೆಬ್ಬೆರಳನ್ನು ಸುಟ್ಟಿತು.
ಆಮೇಲೆ ಅವನು ದಲ್ಲಾದ ಕೊಕ್ಕನ್ನೂ
ನನ್ನ ನಡುಕದ ಜೊತೆಗೇ ಆಡಿಸುತ್ತ ಸುರಿದ,
ಏಳುವ ದೋಣಿಯಿಂದ ಏಳುವ ದೋಣಿಗೆ
ಮೀನಿನ ಬುಟ್ಟಿ ದಾಟಿಸುವವರ ಹಾಗೆ.

ಎರಡನೆಯದು ಮೊದಲನೆಯದಕ್ಕಿಂತ ಕಹಿ.
ಇದನ್ನು ಯಾರೂ ಹೇಳಿರಲಿಲ್ಲ.

ನಿನ್ನೆ ಬೆಳಿಗ್ಗೆ ಬಸ್ಸು ಸೇತುವೆ ಹತ್ತಿತು.
ಕಣ್ಣು ಮುಚ್ಚಿಯೇ ಎಣಿಸಿದೆ.
ಹದಿನಾಲ್ಕನೆಯ ಕಂಬಕ್ಕೆ ಒಮ್ಮೆ ತೆರೆದೆ.
ಒಬ್ಬ ಮುದುಕ ನೀರಲ್ಲಿ ನಿಂತು
ಗಾಳದ ದಾರ ಬಿಡಿಸುತ್ತಿದ್ದ.
ಮುಚ್ಚಿಕೊಂಡೆ.